ಅಟ್ಟದ ಮೇಲಿನ ಕೇಪಿನ ಕೋವಿ: ಇಟ್ಕೊಳ್ಳಿ, ಆದ್ರೆ ತೋಟ ಕಾಯೋಕೆ ಅಲ್ಲ

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಹುಡುಗರು ವಾಟ್ಸಾಪ್‌ನಲ್ಲಿ ಒಂದೇ ವಿಡಿಯೋ ಕಳಿಸಿದ್ದರು. ಅಮೆರಿಕದ ಯಾವುದೋ ಬಯಲಿನಲ್ಲಿ ಒಬ್ಬ ಉದ್ದದ ಹಳೇ ಬಂದೂಕು ಹಿಡಿದು ನಿಂತಿದ್ದಾನೆ. ಬಾಯಿ ಕಡೆಯಿಂದ ಮಸಿ ಸುರಿದು, ಗುಂಡು ಇಟ್ಟು, ಸರಳಿನಿಂದ ಜಡಿದು, ಕೇಪು ಹಾಕಿ ಹೊಡೆಯುತ್ತಾನೆ. ಧೊಪ್ ಅನ್ನುವ ಸದ್ದು, ಮೋಡದಷ್ಟು ಬಿಳಿ ಹೊಗೆ. ವಿಡಿಯೋ ಕೆಳಗೆ ಹುಡುಗರ ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ: "ಅಣ್ಣ, ನಮ್ಮನೆ ಅಟ್ಟದ ಮೇಲೂ ಇಂಥದ್ದೇ ಒಂದಿದೆ. ಹೊಡೀಬಹುದಾ? ಹಂದಿಗೆ ಆಗುತ್ತಾ?"

ಮೂವರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಈ ವಾರದ ಅಂಕಣವನ್ನೇ ಅದಕ್ಕೆ ಇಡುತ್ತಿದ್ದೇನೆ. ಗೊಬ್ಬರ, ರೋಗದ ವಿಷಯ ಓದೋಕೆ ಬಂದವರು ಕ್ಷಮಿಸಿ. ಮಲೆನಾಡು, ಕರಾವಳಿ, ಕೊಡಗಿನಲ್ಲಿ ತೋಟ ಇದ್ದವರ ಮನೆಯಲ್ಲಿ ಪಿಕಾಸಿ, ದೋಟಿ ಇದ್ದ ಹಾಗೆ ಕೋವಿಯೂ ಒಂದು ಇರ್ತಾ ಇತ್ತು. ಹಾಗಾಗಿ ಇದು ಕೃಷಿ ವಿಷಯವೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಕೋವಿಯನ್ನು ಗುಜರಿಗೆ ಹಾಕಬೇಡಿ, ಬಚ್ಚಿಡಬೇಡಿ, ಕಾಗದಪತ್ರ ಸರಿ ಮಾಡಿಸಿ ಇಟ್ಟುಕೊಳ್ಳಿ. ಆದರೆ ಅದರಿಂದ ತೋಟ ಕಾಯ್ತೀನಿ ಅನ್ನುವ ಯೋಚನೆ ಬಿಡಿ. ಮುತ್ತಾತನ ಕಾಲದ ಯಂತ್ರ ಕೊಟ್ಟು "ಇದರಲ್ಲಿ ಬೆಳೆ ಉಳಿಸಿಕೋ" ಅನ್ನುವ ಕಾನೂನನ್ನೂ ನಾವು ಪ್ರಶ್ನೆ ಮಾಡಬೇಕು.

ವಿಡಿಯೋದಲ್ಲಿ ಇರೋದು ಯಾವ ಬಂದೂಕು?

ಆ ವಿಡಿಯೋದಲ್ಲಿದ್ದದ್ದು 1853ರ ಮಾದರಿಯ ಎನ್‌ಫೀಲ್ಡ್. ಬ್ರಿಟಿಷ್ ಸೈನ್ಯದ್ದು. 39 ಇಂಚಿನ ನಳಿಗೆ, ನಾಲ್ಕು ಕೆಜಿಗೆ ಮೇಲ್ಪಟ್ಟ ತೂಕ, ನಳಿಗೆಯ ಒಳವ್ಯಾಸ 0.577 ಇಂಚು. ಒಳಗಡೆ ಸುರುಳಿಯಾಗಿ ಮೂರು ಗೀರು. ಗೀರು ಇದ್ದರೆ ಗುಂಡು ತಿರುಗುತ್ತಾ ಹೋಗುತ್ತದೆ, ಗುರಿ ತಪ್ಪುವುದು ಕಡಿಮೆ. ಆದರೆ ಗೀರಿರುವ ನಳಿಗೆಗೆ ಬಾಯಿಯಿಂದ ಬಿಗಿಯಾದ ಗುಂಡು ತುರುಕುವುದು ಕಷ್ಟದ ಕೆಲಸ. ಅದಕ್ಕೆ ಫ್ರೆಂಚ್ ಸೈನ್ಯಾಧಿಕಾರಿ ಮಿನಿಯೇ ಒಂದು ಉಪಾಯ ಮಾಡಿದ. ಗುಂಡನ್ನು ನಳಿಗೆಗಿಂತ ಸ್ವಲ್ಪ ಸಣ್ಣದು ಮಾಡಿ, ಬುಡದಲ್ಲಿ ಟೊಳ್ಳು ಬಿಟ್ಟ. ಮದ್ದು ಹೊತ್ತಿಕೊಂಡಾಗ ಬುಡ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುತ್ತದೆ. ಎನ್‌ಫೀಲ್ಡಿನ ಗುಂಡಿನ ಹಿಂದೆ ಇದ್ದದ್ದೂ ಇದೇ ಯೋಚನೆ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹೊಡೆಯುತ್ತಿದ್ದ. ಆ ಕಾಲಕ್ಕೆ ಅದೇ ದೊಡ್ಡ ವೇಗ.

ಅಮೆರಿಕದವರ ಕೈಗೆ ಈ ಬಂದೂಕುಗಳು ಹೇಗೆ ಬಂದವು ಅಂತ ಕೇಳಿದರೆ ಒಂದು ಉತ್ತರ ನಮ್ಮ ಪಕ್ಕದಲ್ಲೇ ಇದೆ. ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೇ ಶಸ್ತ್ರಾಗಾರದಲ್ಲಿ ನೇಪಾಳ ಸೈನ್ಯದ ಹಳೆಯ ಬಂದೂಕುಗಳು ರಾಶಿ ಬಿದ್ದಿದ್ದವು. ಎನ್‌ಫೀಲ್ಡ್, ಬ್ರನ್ಸ್‌ವಿಕ್, ಸ್ನೈಡರ್, ಮಾರ್ಟಿನಿ ಎಲ್ಲಾ ಇದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು ಸಾಗಿಸಿದರು. ಅಲ್ಲಿನ 1968ರ ಕೇಂದ್ರ ಕಾನೂನಿನ ಪ್ರಕಾರ 1898ರವರೆಗೆ ತಯಾರಾದ ಬಂದೂಕು ಪುರಾತನ ವಸ್ತು, ಮಾಮೂಲಿ ಬಂದೂಕಿನ ನಿಯಮ ಅದಕ್ಕಿಲ್ಲ. ಹಾಗಾಗಿ ಅಲ್ಲಿಯವರು ಅದನ್ನು ಅಂಚೆಯಲ್ಲಿ ತರಿಸಿ, ನೂರು ವರ್ಷದ ಗ್ರೀಸು ಕೆರೆದು, ಪರಿಣತರಿಗೆ ತೋರಿಸಿ, ಭಾನುವಾರ ಬಯಲಿಗೆ ಹೋಗಿ ಗುರಿ ಹೊಡೆಯುತ್ತಾರೆ. ಅವರಿಗೆ ಅದು ಹವ್ಯಾಸ. ನಮ್ಮಲ್ಲಿ ಕಾನೂನೂ ಬೇರೆ, ಕಾರಣವೂ ಬೇರೆ. ವಿಡಿಯೋ ನೋಡುವಾಗ ಇದೊಂದು ತಲೆಯಲ್ಲಿರಲಿ.

ಈ ಎನ್‌ಫೀಲ್ಡ್ ನಮಗೆ ಹೊಸಬನಲ್ಲ. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ, ದನ ಹಂದಿಯ ಕೊಬ್ಬು ಸವರಿದ್ದಾರೆ ಅಂತ ಸುದ್ದಿಯಾದ ತೋಟಾ ಇದೇ ಬಂದೂಕಿನದ್ದು. ದಂಗೆ ಮುಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಅದೇ ಆಕಾರದ, ಆದರೆ ಗೀರಿಲ್ಲದ ನುಣುಪು ನಳಿಗೆಯ ಬಂದೂಕು ಕೊಟ್ಟರು. ನೋಡೋಕೆ ಒಂದೇ, ಗುರಿ ಮಾತ್ರ ಅರ್ಧಕ್ಕರ್ಧ. ಜನರ ಮೇಲೂ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಮುಧೋಳದ ಹತ್ತಿರದ ಹಲಗಲಿ ಬೇಡರು ಆಯುಧ ಒಪ್ಪಿಸಲ್ಲ ಅಂತ ಅದೇ ವರ್ಷ ತಿರುಗಿಬಿದ್ದು ಊರೇ ಸುಟ್ಟುಹೋದ ಕಥೆ ಲಾವಣಿಯಾಗಿ ಉಳಿದಿದೆ. ಕೊಡಗಿನವರಿಗೆ ಮಾತ್ರ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಅದು ಇವತ್ತಿಗೂ ನಡೆದುಕೊಂಡು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹೊಡೆಯುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕೋವಿ ಮನೆಯ ಒಬ್ಬ ಸದಸ್ಯನ ಹಾಗೆ.

ನಿಮ್ಮ ಅಟ್ಟದ ಮೇಲಿರೋದು ಎನ್‌ಫೀಲ್ಡೇನಾ?

ಬಹುತೇಕ ಅಲ್ಲ. ಮಲೆನಾಡಿನ ಮನೆಗಳಲ್ಲಿ ಇರೋದು ಸಾಮಾನ್ಯವಾಗಿ ಒಂಟಿ ನಳಿಗೆಯ ಕೇಪಿನ ಕೋವಿ. ಅದೇ ತಂತ್ರ, ಬಾಯಿಂದ ತುಂಬಿ ಹಿಂದೆ ಕೇಪು ಹಾಕೋದು, ಆದರೆ ಚರೆ ಹಾಕುವ ನುಣುಪು ನಳಿಗೆ. ಕೆಲವರು ಲಾಕಿನ ಮೇಲೆ ಕಿರೀಟದ ಗುರುತು, "ಟವರ್" ಅನ್ನುವ ಅಕ್ಷರ ತೋರಿಸಿ "ಇದು ಬ್ರಿಟಿಷ್ ಮಿಲಿಟರಿದು, ಲಕ್ಷ ಬರುತ್ತೆ" ಅಂತಾರೆ. ಆ ಅಕ್ಷರ ಒಂದನ್ನೇ ನಂಬಬೇಡಿ. ಹಿಂದೆ ಊರೂರಿನ ಕುಶಲಕರ್ಮಿಗಳು ಆ ಗುರುತನ್ನು ನಕಲು ಮಾಡಿ ಕೊರೆದ ಕೋವಿಗಳು ಬೇಕಾದಷ್ಟಿವೆ. ನಮ್ಮನೆಯದೂ ಅಂಥ ಒಂದು ಕೋವಿಯೇ. ಅಜ್ಜನ ಹೆಸರಲ್ಲಿತ್ತು, ಈಗ ಅಪ್ಪನ ಹೆಸರಲ್ಲಿದೆ. ಅದಕ್ಕೆ ಯಾರೂ ಲಕ್ಷ ಕೊಡಲ್ಲ. ಕೊಡಬೇಕಂತಲೂ ಇಲ್ಲ.

ಮಿಲಿಟರಿ ರೈಫಲ್ಲೇ ಆಗಲಿ ನಾಡಕೋವಿಯೇ ಆಗಲಿ, ತುಂಬುವ ಕ್ರಮ ಒಂದೇ. ಮೊದಲು ಅಳತೆಯ ಮಸಿ, ಅದರ ಮೇಲೆ ಗುಂಡು ಅಥವಾ ಚರೆ, ನಡುವೆ ಮತ್ತು ಮೇಲೆ ಬಿಗಿಗೆ ಕಾಗದ, ನಾರು ಏನಾದರೊಂದು. ಎಲ್ಲವನ್ನೂ ಗಜದಿಂದ, ಅಂದರೆ ಮದ್ದು ಜಡಿಯುವ ಸರಳಿನಿಂದ, ಬುಡಕ್ಕೆ ಕೂರಿಸಬೇಕು. ಕಡೆಗೆ ನಿಪ್ಪಲ್ ಅನ್ನುವ ಸಣ್ಣ ಮೂತಿಗೆ ಕೇಪು. ಕುದುರೆ ಬಡಿದಾಗ ಕೇಪು ಸಿಡಿದು, ಕಿಡಿ ಸಣ್ಣ ತೂತಿನಿಂದ ಒಳಗೆ ಹೋಗಿ ಮಸಿಗೆ ತಾಗುತ್ತದೆ.

ಈಗ ಇದನ್ನು ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಯೋಚನೆ ಮಾಡಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೂ ಬಿಡುವು ಕೊಡದ ಮಳೆ. ಬಾಳೆ ಬುಡದಲ್ಲಿ ಹಂದಿ ಹಿಂಡು. ಒಂದು ಕೈಯಲ್ಲಿ ಟಾರ್ಚು. ಕೇಪು ಒದ್ದೆ, ತೂತಿನಲ್ಲಿ ನೀರು, ಮಸಿಗೆ ತಂಡಿ. ಹತ್ತಿದರೆ ಒಂದೇ ಈಡು. ಆಮೇಲೆ ಎದುರು ಏನೂ ಕಾಣದಷ್ಟು ಹೊಗೆ. ಮತ್ತೆ ತುಂಬೋಕೆ ಕತ್ತಲಲ್ಲಿ ನಡುಗುವ ಕೈಯಲ್ಲಿ ಎರಡು ಮೂರು ನಿಮಿಷ. ಗಾಯಗೊಂಡ ಹಂದಿ ಅಷ್ಟು ಹೊತ್ತು ನಿಮಗೋಸ್ಕರ ಕಾಯ್ತಾ ನಿಲ್ಲಲ್ಲ. ವಿಡಿಯೋದವನು ಬಿಸಿಲಲ್ಲಿ, ಮೇಜಿನ ಪಕ್ಕ ನಿಂತು, ಅಲ್ಲಾಡದ ಹಲಗೆಗೆ ಹೊಡೀತಾನೆ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ವಾಸ್ತವದಲ್ಲಿ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಕೇಪಿನ ಕೋವಿಯನ್ನು ಬೆದರಿಸೋಕೆ ಬಳಸಿದ್ದು. ಬರೀ ಸದ್ದು. ಆ ಸದ್ದಿಗೆ ಮಂಗಗಳು ಒಂದು ವಾರ ಹೆದರ್ತವೆ. ಎಂಟನೇ ದಿನ ನಿಮ್ಮನ್ನೇ ನೋಡ್ಕೊಂಡು ಬಾಳೆಗೊನೆ ತಿಂತವೆ.

ಮಸಿಯ ಬಗ್ಗೆ ಒಂದು ಅಡ್ಡಮಾತು. ಕರಿಮದ್ದಿನಲ್ಲಿ ಇರೋದು ಮೂರೇ: ಇದ್ದಿಲು, ಗಂಧಕ, ಪೆಟ್ಲುಪ್ಪು. ಇದರಲ್ಲಿ ಹೆಚ್ಚಿನ ಪಾಲು ಪೆಟ್ಲುಪ್ಪಿನದ್ದು. ಅದು ಎಲ್ಲಿಂದ ಬರ್ತಿತ್ತು ಗೊತ್ತಾ? ದನದ ಕೊಟ್ಟಿಗೆ ಸುತ್ತಲಿನ ಮಣ್ಣಿನಿಂದ. ಗಂಜಲ, ಸಗಣಿ ಬಿದ್ದ ನೆಲದಲ್ಲಿ ಬ್ಯಾಕ್ಟೀರಿಯಾ ಸಾರಜನಕವನ್ನು ನೈಟ್ರೇಟ್ ಮಾಡುತ್ತವೆ, ಒಣ ಹವೆಯಲ್ಲಿ ಅದು ಬಿಳಿ ಉಪ್ಪಾಗಿ ಮೇಲೆ ಬರುತ್ತದೆ. ಬಿಹಾರದ ಹಳ್ಳಿಗಳಲ್ಲಿ ಅದನ್ನು ಕೆರೆದು, ಸೋಸಿ, ಕಾಯಿಸಿ ಹರಳು ಮಾಡುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಹಡಗುಗಟ್ಟಲೆ ಸಾಗಿಸಿ ಯುರೋಪಿನ ಯುದ್ಧ ಮಾಡಿಸಿತು. ಜೀವಾಮೃತಕ್ಕೆ ಗಂಜಲ ಹಿಡಿಯುವಾಗ ನನಗೆ ಇದು ನೆನಪಾಗುತ್ತದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಓದುವಾಗ ನೈಟ್ರೀಕರಣದ ಪಾಠದಲ್ಲಿ ಇದನ್ನೂ ಹೇಳಿದ್ದಿದ್ದರೆ ಹಿಂದಿನ ಬೆಂಚಿನವರೂ ಎದ್ದು ಕೂತಿರುತ್ತಿದ್ದರು. ಹಾಗಂತ ಯಾರೂ ಮನೆಯಲ್ಲಿ ಮದ್ದು ಅರೆಯೋಕೆ ಹೋಗಬೇಡಿ. ಅದು ಸ್ಫೋಟಕ ಕಾಯ್ದೆಯಡಿ ಅಪರಾಧ. ಕೈ ಕಣ್ಣು ಕಳೆದುಕೊಂಡವರು ಎಲ್ಲ ತಾಲೂಕಲ್ಲೂ ಇದ್ದಾರೆ.

ಮುಟ್ಟುವ ಮುಂಚೆ

ಈ ಭಾಗ ನಿಧಾನವಾಗಿ ಓದಿ. ಉಳಿದಿದ್ದು ಮರೆತರೂ ಪರವಾಗಿಲ್ಲ.

ಬಾಯಿಂದ ತುಂಬುವ ಕೋವಿಯ ದೊಡ್ಡ ತೊಂದರೆ ಅಂದರೆ ಅದು ತುಂಬಿದೆಯೋ ಖಾಲಿಯೋ ಅಂತ ಹೊರಗಿನಿಂದ ಗೊತ್ತಾಗಲ್ಲ. ತೋಟಾ ಕೋವಿಯಾದರೆ ಮುರಿದು ನೋಡಬಹುದು. ಇದರಲ್ಲಿ ಆಗಲ್ಲ. ತುಂಬಿದ್ದನ್ನು ತೆಗೆಯುವ ಸುಲಭದ ದಾರಿ ಹೊಡೆಯುವುದೊಂದೇ ಆದ್ದರಿಂದ, ಹಿಂದಿನವರು ಹಂದಿ ಬರದ ರಾತ್ರಿ ಕೇಪು ಮಾತ್ರ ತೆಗೆದು ತುಂಬಿದ ಕೋವಿಯನ್ನು ಹಾಗೇ ಗೋಡೆಗೆ ನೇತುಹಾಕುತ್ತಿದ್ದರು. ಆಮೇಲೆ ಅವರು ತೀರಿಕೊಂಡರು, ಕೋವಿ ಅಟ್ಟಕ್ಕೆ ಹೋಯಿತು. ಒಳಗೆ ಏನಿದೆ ಅಂತ ಹೇಳೋರು ಈಗ ಯಾರೂ ಇಲ್ಲ.

"ಮೂವತ್ತು ವರ್ಷದ ಮಸಿ, ಸತ್ತೋಗಿರುತ್ತೆ ಬಿಡಣ್ಣ" ಅನ್ನಬೇಡಿ. ಕರಿಮದ್ದು ವಯಸ್ಸಾದ ಮಾತ್ರಕ್ಕೆ ಸಾಯಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಆ ಕಾಲದ ಫಿರಂಗಿ ಗುಂಡೊಂದನ್ನು 2008ರಲ್ಲಿ ವರ್ಜೀನಿಯಾದ ಒಬ್ಬ ಸಂಗ್ರಾಹಕರು ಮನೆಯಂಗಳದಲ್ಲಿ ಶುಚಿ ಮಾಡುತ್ತಿದ್ದಾಗ ಅದು ಸಿಡಿದು ಅವರು ಸತ್ತರು. ನೂರ ನಲವತ್ತು ವರ್ಷದ ಮೇಲೆ. ಅವರು ಆ ಕೆಲಸದಲ್ಲಿ ಪಳಗಿದವರೇ ಆಗಿದ್ದರು.

ಪರೀಕ್ಷೆ ಮಾಡೋದು ಹೀಗೆ. ಕೇಪು ಇಲ್ಲ ಅಂತ ನೋಡಿ. ಕುದುರೆ ಎಳೆಯಬೇಡಿ, ಗುಂಡಿ ಮುಟ್ಟಬೇಡಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು, ನಿಮ್ಮ ಮುಖವೂ ಅದರ ಮುಂದೆ ಬರಬಾರದು. ಬದಿಯಲ್ಲಿ ನಿಂತು ಉದ್ದನೆಯ ಒಂದು ಮರದ ಕಡ್ಡಿಯನ್ನು ಬಾಯಿಂದ ನಿಧಾನ ಇಳಿಸಿ. ನಿಂತಲ್ಲಿ ಬಾಯಿ ಮಟ್ಟಕ್ಕೆ ಗುರುತು ಮಾಡಿ ಹೊರಗೆ ತೆಗೆಯಿರಿ. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ, ಗುರುತು ಬಾಯಿಗೆ ಸರಿಯಾಗಿ ಹಿಡಿದು ನೋಡಿ. ಕಡ್ಡಿಯ ತುದಿ ನಿಪ್ಪಲ್ ಇರುವ ಜಾಗದವರೆಗೆ ಬಂದರೆ ಖಾಲಿ ಇರಬಹುದು. ಎರಡು ಮೂರು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಮದ್ದೂ ಇರಬಹುದು, ಕಣಜದ ಗೂಡೂ ಇರಬಹುದು. ಮದ್ದು ಅಂತಲೇ ತಿಳಿದುಕೊಳ್ಳಿ. ಕೆದಕಬೇಡಿ, ಬಿಸಿ ಮಾಡಬೇಡಿ, ಡ್ರಿಲ್ ಹಾಕಬೇಡಿ, "ಒಂದ್ಸಲ ಹೊಡೆದು ಖಾಲಿ ಮಾಡೋಣ" ಅಂತೂ ಬೇಡವೇ ಬೇಡ. ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೈಯಲ್ಲೇ ತೆಗೆಸಿ.

ಇನ್ನೊಂದು ಅಪಾಯ ಈ ತಲೆಮಾರಿನದು. ಕರಿಮದ್ದು ಸಿಗದಿದ್ದಾಗ ತೋಟಾ ಬಿಚ್ಚಿ ಅದರ ಹೊಗೆರಹಿತ ಪುಡಿಯನ್ನು ಕೇಪಿನ ಕೋವಿಗೆ ಹಾಕುವ ಹುಚ್ಚು. ಎರಡೂ ಪುಡಿಯೇ ಆದರೂ ಒತ್ತಡದಲ್ಲಿ ಅಜಗಜಾಂತರ. ಹಳೇ ನಳಿಗೆ ಆ ಒತ್ತಡಕ್ಕೆ ಮಾಡಿದ್ದಲ್ಲ, ಸೀಳಿಕೊಂಡು ಮುಖಕ್ಕೇ ಬರುತ್ತದೆ. ಪಟಾಕಿ ಮದ್ದೂ ಅಷ್ಟೇ. ಸರಿಯಾದ ಕರಿಮದ್ದನ್ನೇ ಹಾಕಿದರೂ ಗುಂಡು ಬುಡದವರೆಗೆ ಇಳಿಯದೆ ನಡುವೆ ಗಾಳಿ ಉಳಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ವಿದೇಶದ ಬಯಲುಗಳಲ್ಲಿ ಹೊಡೆಯುವವರು ಗಜದ ಮೇಲೆ ಗುರುತು ಹಾಕಿ ಪ್ರತಿ ಸಲವೂ ನೋಡುತ್ತಾರೆ. ಮೂಲ ಕುಪ್ಪಿಯಿಂದ ನೇರ ಮದ್ದು ಸುರಿಯುವುದಿಲ್ಲ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಕುಪ್ಪಿಯೇ ಕೈಯಲ್ಲಿ ಸಿಡಿಯುತ್ತದೆ ಅಂತ ಬೇರೆ ಅಳತೆ ಕೊಳವೆಯಿಂದ ಹಾಕುತ್ತಾರೆ. ಕೇಪು ಸಿಡಿದು ಈಡು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಪೂರಾ ಒಂದು ನಿಮಿಷಕ್ಕೂ ಹೆಚ್ಚು ಕಾಯುತ್ತಾರೆ. ಈ ಶಿಸ್ತು ರೀಲ್ಸ್‌ನಲ್ಲಿ ಕಾಣಲ್ಲ. ಮೂವತ್ತು ಸೆಕೆಂಡಿನಲ್ಲಿ ಹೊಗೆ ಮಾತ್ರ ಕಾಣುತ್ತದೆ.

ಹೊಡೆದ ಮೇಲೆ ಉಳಿಯುವ ಕಿಟ್ಟ ಹವೆಯ ತೇವ ಹೀರುತ್ತದೆ, ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲದ ಹಾಗೆ. ಅದೇ ದಿನ ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಾಕದಿದ್ದರೆ ನಮ್ಮ ಮಳೆಗಾಲದಲ್ಲಿ ನಳಿಗೆ ಒಳಗಿಂದ ಕೊರೆದುಹೋಗುತ್ತದೆ. ಹೊರಗೆ ಪಾಲಿಶ್ ಹೊಳೀತಿರುತ್ತೆ, ಒಳಗೆ ಎಷ್ಟು ದಪ್ಪ ಉಳಿದಿದೆ ಅಂತ ಯಾರಿಗೂ ಗೊತ್ತಿರಲ್ಲ. ಹಳೇ ಕೋವಿ ಹೊಡೀಬೇಡಿ ಅಂತ ನಾನು ಹೇಳೋದಕ್ಕೆ ಮುಖ್ಯ ಕಾರಣ ಇದೇ.

ಕಾನೂನು ಏನನ್ನುತ್ತೆ, ಏನನ್ನಬೇಕಿತ್ತು

1959ರ ಆಯುಧ ಕಾಯ್ದೆಯ 13ನೇ ಕಲಂ ಓದಿ, ಮಜಾ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಡುವಾಗ ಅಲ್ಲಿ ಹೆಸರು ಹೇಳಿರುವ ಆಯುಧ ಬಾಯಿಂದ ತುಂಬುವ ಕೋವಿ. ಅದು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆ ಕೋವಿ ಕೊಡಬಹುದು ಅಂತ ಪಕ್ಕದಲ್ಲೇ ಒಂದು ಸಾಲು. ಅಂದರೆ ಸಿಪಾಯಿಗಳ ಕೈಯಿಂದ 1860ರ ದಶಕದಲ್ಲೇ ಜಾರತೊಡಗಿದ ತಂತ್ರವನ್ನು ಕಾನೂನು ರೈತನಿಗೆ ಈಗಲೂ ಮೊದಲ ಆಯ್ಕೆ ಅಂತ ಕೊಡುತ್ತಿದೆ. ಡ್ರೋನ್‌ನಲ್ಲಿ ಔಷಧಿ ಹೊಡೀರಿ ಅನ್ನುವ ಸರ್ಕಾರವೇ ಹಂದಿ ಓಡಿಸೋಕೆ ಮಸಿ ಜಡೀರಿ ಅನ್ನುತ್ತದೆ.

ಇದರ ಹಿಂದಿನ ಲೆಕ್ಕ ಅರ್ಥವಾಗದ್ದೇನಲ್ಲ. ನಿಧಾನದ ಕೋವಿ ಕೊಟ್ಟರೆ ದುರ್ಬಳಕೆ ಕಡಿಮೆ ಅಂತ. 1857ರ ನಂತರ ಸಿಪಾಯಿಗೆ ಗೀರಿಲ್ಲದ ನಳಿಗೆ ಕೊಟ್ಟವರ ಲೆಕ್ಕವೂ ಅದೇ ಆಗಿತ್ತು. ಆದರೆ ನಿಧಾನದ ಕೋವಿ ಸುರಕ್ಷಿತ ಕೋವಿ ಅಲ್ಲ. ಮೇಲೆ ಹೇಳಿದ ಅಪಾಯಗಳೆಲ್ಲ ಬರೋದು ಅದು ಹಳೇ ತಂತ್ರ ಆದ್ದರಿಂದಲೇ. ಬೆಳೆ ರಕ್ಷಣೆಗೆ ಆಯುಧ ಬೇಕೇ ಬೇಕು ಅಂತ ಅಧಿಕಾರಿ ಒಪ್ಪಿದ ಕಡೆ, ತರಬೇತಿ ಕೊಟ್ಟು, ತುಂಬಿದೆಯೋ ಇಲ್ಲವೋ ಕಣ್ಣಿಗೆ ಕಾಣುವ ತೋಟಾ ಕೋವಿ ಕೊಡುವುದೇ ಸರಿ. ಬೇಡ ಅಂತಾದರೆ ಯಾವುದೂ ಬೇಡ. ಎರಡರ ನಡುವಿನ ಈ ಮಸಿಯ ದಾರಿ ಯಾರಿಗೂ ಒಳ್ಳೆಯದಲ್ಲ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತಲೂ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಕೋವಿಯ ಕಾನೂನು ಬೇರೆ, ಕಾಡುಪ್ರಾಣಿಯ ಕಾನೂನು ಬೇರೆ. 1972ರ ವನ್ಯಜೀವಿ ಕಾಯ್ದೆಯಡಿ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲೋಕೆ ಅಧಿಕಾರ ಇರುವ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೇರಳದಲ್ಲಿ 2022ರಿಂದ ಆ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿದ್ದಾರೆ. ನಮ್ಮಲ್ಲೂ ಅಂಥದ್ದು ಬಂದರೆ ಒಳ್ಳೆಯದು ಅನ್ನುವವನು ನಾನು, ಸಾವಯವದವರು ಹೀಗೆ ಹೇಳಬಾರದು ಅಂತ ಕೆಲವು ಸ್ನೇಹಿತರು ಬೈದರೂ. ನನ್ನ ತೋಟದಲ್ಲಿ ಕೆಲಸ ಮಾಡಿರೋದು ಮಾತ್ರ ಸೋಲಾರ್ ಬೇಲಿ, ಅದರ ಕೆಳಗೆ ವಾರಕ್ಕೊಮ್ಮೆ ಕಳೆ ಸವರೋದು, ಮತ್ತೆ ಎರಡು ನಾಯಿ. ಬೇಲಿಗೆ ಮನೆ ಲೈನಿನ ಕರೆಂಟು ಕೊಡೋದು ಕೊಲೆಗೆ ಸಮ, ಅದರ ಚರ್ಚೆಯೇ ಬೇಡ.

ಈಗ ಕಾಗದಪತ್ರ. ಕೋವಿ ಅಜ್ಜನ ಹೆಸರಲ್ಲಿದ್ದು ಅಜ್ಜ ತೀರಿಕೊಂಡಿದ್ದರೆ ನಿಮ್ಮನೆಯಲ್ಲಿರೋದು ಲೈಸೆನ್ಸ್ ಇಲ್ಲದ ಕೋವಿ. "ನಮ್ದೇ ಕೋವಿ ಅಲ್ವಾ" ಅನ್ನೋದು ನಡೆಯಲ್ಲ. ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ನಂತರ ಲೈಸೆನ್ಸ್ ಇಲ್ಲದ ಬಂದೂಕಿಗೆ ಶಿಕ್ಷೆ ಎರಡು ವರ್ಷದಿಂದ ಐದು ವರ್ಷ. ಅಜ್ಜ ಇನ್ನೂ ಇದ್ದಾರಾ? ಹಾಗಾದರೆ ಕೆಲಸ ಇನ್ನೂ ಸುಲಭ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಅಜ್ಜನ್ನ ಕೂರಿಸಿಕೊಂಡು ಈ ತಿಂಗಳೇ ಮಾಡಿಸಿ. ಹಾಗೇ ಲೈಸೆನ್ಸ್ ಪುಸ್ತಕದಲ್ಲಿ ಯುಐಎನ್ ಸಂಖ್ಯೆ ಇದೆಯಾ ನೋಡಿ. ಅದಿಲ್ಲದ ಹಳೇ ಪುಸ್ತಕಕ್ಕೆ ಈಗ ಬೆಲೆಯಿಲ್ಲ.

"ಇದು ಪುರಾತನ ವಸ್ತು ಕಣಣ್ಣ, ಲೈಸೆನ್ಸ್ ಬೇಡ" ಅನ್ನುವವರಿಗೆ: ಭಾರತದಲ್ಲಿ ಅಮೆರಿಕದ ಹಾಗೆ ಇಸವಿ ನೋಡಿ ಬಿಡಲ್ಲ. 45ನೇ ಕಲಂ ವಿನಾಯಿತಿ ಕೊಡೋದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಕೆಲಸ ಮಾಡದ ಹಳೇ ಆಯುಧಕ್ಕೆ. ತುಕ್ಕು ಹಿಡಿದಿದೆ, ನಿಪ್ಪಲ್ ಬಿದ್ದುಹೋಗಿದೆ ಅನ್ನೋದು ಸಾಲದು. ಹೊಸ ನಿಪ್ಪಲ್ ಹಾಕಿದರೆ ಹಾರುತ್ತೆ ಅಂತಾದರೆ ಅದು ಬಂದೂಕೇ. ಹೊಡೆಯುವ ಆಸೆ ಇಲ್ಲ, ನೆನಪಿಗೆ ಗೋಡೆ ಮೇಲಿದ್ದರೆ ಸಾಕು ಅನ್ನುವವರು ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವವರ ಕೈಯಲ್ಲಿ ಶಾಶ್ವತವಾಗಿ ನಿಷ್ಕ್ರಿಯ ಮಾಡಿಸಿ, ಆ ಪತ್ರ ಇಟ್ಟುಕೊಳ್ಳಿ. ಮದುವೆ, ಜಾತ್ರೆಯಲ್ಲಿ ಜೀವಕ್ಕೆ ಅಪಾಯ ಆಗುವ ಹಾಗೆ ಖುಷಿಗೆ ಗಾಳಿಯಲ್ಲಿ ಹೊಡೆದರೂ ಈಗ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ. ಅದನ್ನು ರೀಲ್ಸ್ ಮಾಡಿ ಹಾಕಿದರೆ ಸಾಕ್ಷಿಯನ್ನೂ ನೀವೇ ಕೊಟ್ಟ ಹಾಗೆ.

ಕೊನೆಗೆ ಚುನಾವಣೆ ಠೇವಣಿ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಎಣಿಕೆ ಆಗಿದ್ದು ಜೂನ್ 4. ಅಷ್ಟೂ ದಿನ ಅಪ್ಪನ ಕೋವಿ ಠಾಣೆಯ ಮೂಲೆಯಲ್ಲಿ, ನೂರಾರು ಕೋವಿಗಳ ರಾಶಿಯಲ್ಲಿ ಇತ್ತು. ವಾಪಸ್ ತಂದಾಗ ನಳಿಗೆ ತುಂಬಾ ಕೆಂಪು ತುಕ್ಕು, ಹಿಡಿಯಲ್ಲಿ ಹೊಸ ಬಿರುಕು. ಚುನಾವಣಾ ಆಯೋಗದ ಸೂಚನೆಯಲ್ಲೇ ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇದೆ. ಜಾಮೀನಿನ ಮೇಲಿರುವವರು, ಅಪರಾಧದ ಇತಿಹಾಸ ಇರುವವರು, ಗಲಭೆಯಲ್ಲಿ ಸಿಕ್ಕಿಬಿದ್ದವರು ಇಂಥವರನ್ನು ನೋಡಿ ಆರಿಸಿ ಕೋವಿ ಇಡಿಸಿಕೊಳ್ಳಬೇಕು ಅಂತ. ಎಲ್ಲರದ್ದೂ ಒಟ್ಟಿಗೆ ತಂದಿಡಿ ಅನ್ನೋದು ಆ ಸೂಚನೆಯ ಉದ್ದೇಶ ಅಲ್ಲ. ಇಡಲೇಬೇಕಾದವರು ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ನಳಿಗೆಯ ಒಳಗೆ ಎಣ್ಣೆ ಸವರಿ, ಬಾಯಿಗೆ ಬಟ್ಟೆ ಕಟ್ಟಿ, ರಸೀದಿಯಲ್ಲಿ ಕೋವಿಯ ಸ್ಥಿತಿ ಬರೆಸಿಕೊಳ್ಳಿ. ಉಳಿದವರು ಈಗಲೇ, ಚುನಾವಣೆ ಘೋಷಣೆಗೆ ಕಾಯದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಟ್ಟಾಗಿ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಿ: ನಮ್ಮ ಹೆಸರುಗಳನ್ನು ಸಮಿತಿ ಒಂದೊಂದಾಗಿ ನೋಡಲಿ ಅಂತ. ನಮ್ಮೂರಿನ ಅರ್ಜಿಗೆ ಇಲ್ಲಿಯವರೆಗೆ 23 ಸಹಿ ಆಗಿದೆ.